ಪ್ರೇಕ್ಷಣೀಯ ಸ್ಥಳಗಳ ಖಾತೆ

ಮದುವೆಯ ಮನೆಯೆಂಬುದು ಒಂದು ಪುಟ್ಟ ಸರ್ಕಾರ. ಅಲ್ಲಿ ಉಗ್ರಾಣದ ಖಾತೆ ಒಬ್ಬರದು, ಅಡಿಗೆಯವರ ಮೇಲ್ವಿಚಾರಣೆ ಇನ್ನೊಬ್ಬರದು, ಪುರೋಹಿತರನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ಮತ್ತೊಬ್ಬರದು. ಹಣದ ಖಾತೆಯನ್ನು ಮಾತ್ರ ಹೆಣ್ಣಿನ ತಂದೆ ಯಾರಿಗೂ ಬಿಟ್ಟುಕೊಡದೆ ಅಂಗಿಯ ಒಳಜೇಬಿನಲ್ಲಿಯೇ ಇಟ್ಟುಕೊಂಡು ತಿರುಗುತ್ತಾನೆ. ಈ ಸರ್ಕಾರದಲ್ಲಿ ಕಾಲೇಜಿನ ಕನ್ನಡ ಅಧ್ಯಾಪಕನಿಗೆ ಏನು ಕೊಡಬೇಕೆಂಬುದು ಹಿರಿಯರಿಗೆ ಎಂದಿನಿಂದಲೂ ಒಂದು ಸಮಸ್ಯೆ. ಅವನಿಗೆ ಕುಂಬಳಕಾಯಿಯ ಬೆಲೆ ತಿಳಿಯದು, ಜಮಖಾನೆಯ ಬಾಡಿಗೆ ತಿಳಿಯದು. ಹಾಲಿನವನೊಡನೆ ವಾದಿಸಿ ಗೆಲ್ಲುವುದಕ್ಕೆ ಬೇಕಾದ ಭಾಷಾಪ್ರೌಢಿಮೆ ಎಂ.ಎ. ಪದವಿಯಿಂದ ಬರುವಂಥದಲ್ಲ. ಆದರೆ ಅವನಿಗೆ ಗಂಟೆಗಟ್ಟಲೆ ಮಾತನಾಡುವ ಅಭ್ಯಾಸವಿದೆ, ಇಸವಿಗಳು ಬಾಯಲ್ಲಿವೆ, ಮೃಗಾಲಯಕ್ಕೆ ಮಂಗಳವಾರ ರಜ ಎಂಬುದೂ ಗೊತ್ತು. ಆದ್ದರಿಂದ ಪರಸ್ಥಳದಿಂದ ಬಂದ ನೆಂಟರನ್ನು ವ್ಯಾನಿನಲ್ಲಿ ತುಂಬಿಕೊಂಡು ಊರು ತೋರಿಸಿ, ಎಲೆ ಹಾಕುವ ಹೊತ್ತಿಗೆ ತಲೆಯೆಣಿಕೆ ತಪ್ಪದಂತೆ ಹಿಂದಕ್ಕೆ ತಂದು ಒಪ್ಪಿಸುವ ಖಾತೆ ನನ್ನ ಪಾಲಿಗೆ ಬಂದಿದೆ. ನಮ್ಮ ಬಳಗದಲ್ಲಿ ಮೈಸೂರಿನಲ್ಲಿ ನಡೆದ ಕಳೆದ ಏಳು ಮದುವೆಗಳಲ್ಲಿ ಒಂದರಲ್ಲಿಯೂ ನಾನು ಮಾಂಗಲ್ಯಧಾರಣೆಯನ್ನು ನೆಮ್ಮದಿಯಿಂದ ನಿಂತು ನೋಡಿದವನಲ್ಲ. ಅರಮನೆಯನ್ನು ಮಾತ್ರ ಏಳು ಸಲ ನೋಡಿದ್ದೇನೆ.

ಎಲ್ಲ ಊರಿನ ಮದುವೆಗಳಲ್ಲಿಯೂ ಈ ಖಾತೆ ಇರುವುದಿಲ್ಲ. ದಾವಣಗೆರೆಯ ಮದುವೆಗೆ ಹೋದವರು ಬೆಣ್ಣೆದೋಸೆ ತಿಂದು, ಅಕ್ಷತೆ ಹಾಕಿ, ತೆಂಗಿನಕಾಯಿಯ ಚೀಲ ಹಿಡಿದುಕೊಂಡು ಸಂಜೆಯ ರೈಲಿಗೆ ಹೊರಟುಬಿಡುತ್ತಾರೆ. ಮೈಸೂರಿನ ಹಣೆಬರಹ ಹಾಗಲ್ಲ. ‘ಮದುವೆ ಮೈಸೂರಿನಲ್ಲಂತೆ’ ಎಂಬ ಸುದ್ದಿ ಹಬ್ಬಿತೆಂದರೆ, ಲಗ್ನಪತ್ರಿಕೆಯಲ್ಲಿ ಮುಹೂರ್ತ ಯಾವಾಗ ಎಂದು ನೋಡುವುದಕ್ಕೆ ಮೊದಲೇ ಜನ ಕ್ಯಾಲೆಂಡರಿನಲ್ಲಿ ರಜ ಎಷ್ಟು ಎಂದು ನೋಡುತ್ತಾರೆ. ಹತ್ತು ವರ್ಷ ಕಾಗದವನ್ನೇ ಬರೆಯದಿದ್ದ ಚಿಕ್ಕಪ್ಪನ ಷಡ್ಡಕನ ಮಗನಿಗೂ ಆಗ ರಕ್ತಸಂಬಂಧದ ನೆನಪಾಗುತ್ತದೆ. ಇದನ್ನು ನಾನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಊರು ಚೆನ್ನಾಗಿದೆಯೆಂದು ನೆಂಟರು ಬರುವುದು ಊಟ ಚೆನ್ನಾಗಿದೆಯೆಂದು ಬರುವುದಕ್ಕಿಂತ ಗೌರವದ ವಿಷಯವೇ.

ಹಿಂದಿನ ಕಾಲದಲ್ಲಿ ಮದುವೆಗೆ ಬಂದವರಿಗೆ ಊರು ತೋರಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ನಮ್ಮಜ್ಜಿಯ ಮದುವೆ ಐದು ದಿನ ನಡೆಯಿತಂತೆ. ಬಂದವರೆಲ್ಲ ಕೆಲಸಗಾರರು. ಗಂಡಸರು ಚಪ್ಪರಕ್ಕೆ ಗಳ ಕಟ್ಟುವುದು, ಎಲೆ ಹಚ್ಚುವುದು. ಹೆಂಗಸರು ಹೂ ಕಟ್ಟುವುದು, ಹಪ್ಪಳ ಕರಿಯುವುದು, ಹಾಡು ಹೇಳುವುದು. ಕೈಯಲ್ಲಿ ಕೆಲಸವಿದ್ದ ನೆಂಟನಿಗೆ ಬೇಸರವೆಂಬುದಿಲ್ಲ. ಈಗ ಎಲ್ಲವೂ ಕಂಟ್ರಾಕ್ಟು. ಹೂವು ಬೆಳಗಿನ ಜಾವ ಲಾರಿಯಲ್ಲಿ ಬಂದಿಳಿಯುತ್ತದೆ. ಬಡಿಸುವವರು ಒಂದೇ ಬಣ್ಣದ ಅಂಗಿ ತೊಟ್ಟು ಸಾಲಾಗಿ ನಿಲ್ಲುತ್ತಾರೆ. ನೆಂಟನಿಗೆ ಲಾಡ್ಜಿನಲ್ಲೊಂದು ಕೋಣೆ, ಕೋಣೆಯಲ್ಲೊಂದು ಟೆಲಿವಿಷನ್ನು, ಕೈಯಲ್ಲೊಂದು ಮೊಬೈಲು. ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಐದು ಗಂಟೆಗಳ ಮರುಭೂಮಿ. ಕೆಲಸವಿಲ್ಲದ ನೆಂಟನಷ್ಟು ಅಪಾಯಕರವಾದ ವಸ್ತು ಮದುವೆಯ ಮನೆಯಲ್ಲಿ ಇನ್ನೊಂದಿಲ್ಲ. ಅವನು ಪಾಯಸದಲ್ಲಿ ಗೋಡಂಬಿ ಎಣಿಸುತ್ತಾನೆ. ಹುಬ್ಬಳ್ಳಿಯ ಮದುವೆಯಲ್ಲಿ ಎಷ್ಟಿದ್ದುವೆಂದು ಜ್ಞಾಪಿಸಿಕೊಳ್ಳುತ್ತಾನೆ. ಮೂರನೆಯ ಗಂಟೆಗೆ ಹಳೆಯ ಜಮೀನಿನ ಪಾಲಿನ ವಿಷಯ ಎತ್ತುತ್ತಾನೆ. ಆಗ ಹೆಣ್ಣಿನ ತಾಯಿ ಓಡಿಬಂದು, ‘ಇವರನ್ನೆಲ್ಲ ಎಲ್ಲಿಗಾದರೂ ಕರೆದುಕೊಂಡು ಹೋಗಪ್ಪ, ಪುಣ್ಯ ಬರುತ್ತೆ’ ಎನ್ನುತ್ತಾಳೆ. ಈ ‘ಎಲ್ಲಿಗಾದರೂ’ ಎಂಬುದಕ್ಕೆ ಸರ್ಕಾರದ ಕರಪತ್ರಗಳಲ್ಲಿ ಪ್ರವಾಸೋದ್ಯಮ ಎಂದು ಹೆಸರು.

ಕಳೆದ ಮಾಘದಲ್ಲಿ ನಮ್ಮಣ್ಣನ ಮಗಳ ಮದುವೆ. ಗಂಡಿನವರು ಧಾರವಾಡದವರು. ಮುಹೂರ್ತ ಸೋಮವಾರ, ನಮ್ಮ ಕಡೆಯವರು ಶುಕ್ರವಾರವೇ ಬಂದಿಳಿದರು. ನನ್ನ ವಶಕ್ಕೆ ಬಂದವರು ಇಪ್ಪತ್ತಮೂರು ಜನ: ಪುಣೆಯ ಚಿಕ್ಕಪ್ಪನ ಸಂಸಾರ, ಶಿವಮೊಗ್ಗದ ಇಬ್ಬರು ಭಾವಂದಿರು, ಅಮೆರಿಕದಲ್ಲಿ ಬೆಳೆದ ಒಬ್ಬ ಹುಡುಗ, ಎಣಿಕೆಗೆ ಸಿಗದಷ್ಟು ಮಕ್ಕಳು, ಮತ್ತು ಸಾಗರದಿಂದ ಬಂದ ನನ್ನ ಸೋದರತ್ತೆ. ಅತ್ತೆಗೆ ಎಪ್ಪತ್ತೆಂಟು. ಮಂಡಿ ನೋವು, ಆದರೂ ವ್ಯಾನು ಹೊರಡುವುದೆಂದರೆ ಎಲ್ಲರಿಗಿಂತ ಮೊದಲು ಬಾಗಿಲ ಬಳಿಯ ಸೀಟಿನಲ್ಲಿ ಬಂದು ಕುಳಿತಿರುತ್ತಿದ್ದರು. ಕುಳಿತವರು ಒಂದು ಸ್ಥಳದಲ್ಲಿಯೂ ಆಸೆಯಿಂದ ಇಳಿಯುತ್ತಿರಲಿಲ್ಲ ಎಂಬುದು ವಿಚಿತ್ರ. ರಾತ್ರಿ ಊಟವಾದ ಮೇಲೆ ನನ್ನನ್ನು ಕರೆದು ಒಂದೇ ಪ್ರಶ್ನೆ: ‘ನಾಳೆ ಯಾವ ಕಡೆ?’

ಶನಿವಾರ ಬೆಳಕು ಹರಿಯುವ ಮುನ್ನ ಹುಡುಗರು ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿದರು. ಮೆಟ್ಟಿಲು ಸಾವಿರ ಎಂದು ಪ್ರತೀತಿ. ಒಬ್ಬೊಬ್ಬನ ಲೆಕ್ಕ ಒಂದೊಂದಾಗಿ ಬಂದು, ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಡೆಸಿದ ಆ ಏಕಶಿಲೆಯ ನಂದಿಯ ಮುಂದೆ ದೊಡ್ಡ ಜಗಳವೇ ಆಯಿತಂತೆ. ನಾನು ಬಸ್ಸಿನಲ್ಲಿ ಹೋಗಿ ಮೇಲೆ ಕಾಯುತ್ತಿದ್ದೆ. ಮಾರ್ಗದರ್ಶಕನು ಪ್ರವಾಸಿಗಳಿಗಿಂತ ಮುಂದಿರಬೇಕೆಂಬುದು ನನ್ನ ಸಿದ್ಧಾಂತ.

ಅಲ್ಲಿಂದ ಅರಮನೆ. ಅರಮನೆಯನ್ನು ಮದುವೆಗೆ ಬಂದವರಿಗೆ ತೋರಿಸುವಾಗ ನನಗೆ ಒಂದು ವಿಶೇಷ ಉತ್ಸಾಹ ಬರುತ್ತದೆ. ಏಕೆಂದರೆ ಈಗಿರುವ ಅರಮನೆ ಎದ್ದು ನಿಂತದ್ದೇ ಒಂದು ಮದುವೆಯ ದೆಸೆಯಿಂದ. 1897ರ ಫೆಬ್ರವರಿ, ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ವಿವಾಹ. ದೊರೆಗಳು ತೀರಿಕೊಂಡು ಎರಡು ವರ್ಷವಾಗಿತ್ತು; ಮಹಾರಾಣಿ ವಾಣೀವಿಲಾಸದವರು ರಾಜ್ಯವನ್ನೂ ಮದುವೆಯನ್ನೂ ಒಬ್ಬರೇ ನೋಡಿಕೊಳ್ಳಬೇಕಾಗಿದ್ದ ಸಮಯ. ಮದುವೆಯ ಸಂಭ್ರಮದ ನಡುವೆ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು. ಮರದ ಕೆತ್ತನೆಯ ಕಂಬಗಳೆಲ್ಲ ಉರಿದುಹೋದುವು. ಆಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಕಲ್ಲು, ಇಟ್ಟಿಗೆ, ಕಬ್ಬಿಣಗಳಿಂದ ಹೊಸ ಅರಮನೆ ಏಳತೊಡಗಿ 1912ರಲ್ಲಿ ಮುಗಿಯಿತು. 41 ಲಕ್ಷ ರೂಪಾಯಿಗೂ ಮಿಗಿಲಾಗಿ ಹಿಡಿಯಿತು. ಈ ಅಂಕಿಯನ್ನು ಕೇಳಿದ ನಮ್ಮಣ್ಣ ಜೇಬು ಮುಟ್ಟಿ ನೋಡಿಕೊಂಡು, ‘ಸದ್ಯ, ನಮ್ಮ ಛತ್ರಕ್ಕೆ ಅಗ್ನಿಶಾಮಕ ಯಂತ್ರ ಇದೆಯೋ ಇಲ್ಲವೋ ನೋಡಿ ಬಾ’ ಎಂದು ನನಗೆ ಹೇಳಿದ.

ಆ ಹೊಸ ಅರಮನೆಯಲ್ಲಿ ಎಲ್ಲಕ್ಕಿಂತ ಸೊಗಸಾದ ಜಾಗವೆಂದರೆ ಎಂಟು ಮೂಲೆಯ ಕಲ್ಯಾಣ ಮಂಟಪವೇ. ಮೇಲೆ ನವಿಲುಗಳ ಬಣ್ಣದ ಗಾಜಿನ ಛಾವಣಿ, ಅದನ್ನು ಹೊತ್ತ ಗ್ಲಾಸ್ಗೋದಿಂದ ಬಂದ ಕಬ್ಬಿಣದ ಕಂಬಗಳು, ಗೋಡೆಯ ಸುತ್ತ ದಸರಾ ಮೆರವಣಿಗೆಯ ಚಿತ್ರಗಳು. ಬೆಂಕಿಯ ಕಥೆ ಹೇಳಿ ಆಮೇಲೆ ಇಲ್ಲಿ ನಿಲ್ಲಿಸಿದರೆ ಜನ ಅದನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ‘ಆ ಹುಡುಗಿ ಏನಾದಳು?’ ಎಂದು ಹೆಂಗಸರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ; ಗಂಡಸರು ಕಬ್ಬಿಣದ ತೂಕ ಕೇಳುತ್ತಾರೆ. ಆಕೆಯ ಸಂಸಾರ ಚೆನ್ನಾಗಿಯೇ ನಡೆಯಿತು. ಕೈಹಿಡಿದ ಕಾಂತರಾಜ ಅರಸರು ಮುಂದೆ 1918ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದರು. ಆಕೆಗಾಗಿ 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮೀವಿಲಾಸವೆಂಬ ಮಹಲು ಇಂದಿಗೂ ಮಾನಸಗಂಗೋತ್ರಿಯಲ್ಲಿದೆ. ವಿಶ್ವವಿದ್ಯಾನಿಲಯ ಅದನ್ನು 1959ರಲ್ಲಿ ಕೊಂಡಿತು, 1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ನಾನು ವಿದ್ಯಾರ್ಥಿಯಾಗಿದ್ದಾಗ ಅದರ ಮುಂದೆ ದಿನಕ್ಕೆರಡು ಸಲ ಹಾದುಹೋಗುತ್ತಿದ್ದೆ.

ನಾನು ಇಷ್ಟೆಲ್ಲ ಹೇಳಿ ಮುಗಿಸಿ ಹೊರಗೆ ಬಂದಾಗ ಅತ್ತೆ ಚಪ್ಪಲಿ ಕಾಯುವವಳ ಪಕ್ಕದಲ್ಲಿ ನೆರಳಿನಲ್ಲಿ ಕುಳಿತು ಅವಳ ಮಕ್ಕಳ ಯೋಗಕ್ಷೇಮ ವಿಚಾರಿಸುತ್ತಿದ್ದರು. ‘ಒಳಗೆ ಬರಲಿಲ್ಲವೇ ಅತ್ತೆ?’ ಎಂದರೆ, ‘ಅರಮನೆ ಎಲ್ಲಿಗೂ ಹೋಗೋದಿಲ್ಲ ಬಿಡು’ ಎಂದರು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಅರಮನೆಗೆ ಸುಮಾರು ಒಂದು ಲಕ್ಷ ದೀಪ ಹಚ್ಚುತ್ತಾರೆ. ಮೈಸೂರಿನಲ್ಲಿ ಭಾನುವಾರ ಸಂಜೆ ಆರತಕ್ಷತೆ ಇಟ್ಟುಕೊಂಡವರು ಇದನ್ನು ಮನಸ್ಸಿನಲ್ಲಿಡಬೇಕು. ನಮ್ಮ ಮನೆಯ ಆರತಕ್ಷತೆಯಲ್ಲಿ ಏಳು ಗಂಟೆಗೆ ಸರಿಯಾಗಿ ಅರ್ಧ ಸಭೆ ಖಾಲಿಯಾಯಿತು. ಗಾಯಕಿ ತೋಡಿ ರಾಗ ಹಿಡಿದಿದ್ದಳು. ಪಾಪ, ತನ್ನದೇ ಏನೋ ತಪ್ಪೆಂದು ಭಾವಿಸಿ ಬೇಗ ಮುಗಿಸಿ ಭಜನೆಗೆ ಇಳಿದಳು. ವರನ ಕಡೆಯ ನಾಲ್ವರು ಆಟೋ ಹಿಡಿದು ಹೋಗಿದ್ದರೆಂದು ತಿಳಿದದ್ದು ಆಮೇಲೆ.

ನನ್ನ ಮನಸ್ಸಿಗೆ ಬಂದದ್ದನ್ನೇ ತೋರಿಸುವುದಾದರೆ ಪಟ್ಟಿ ಬೇರೆಯಾಗಿರುತ್ತಿತ್ತು. ಕುಕ್ಕರಹಳ್ಳಿ ಕೆರೆಯ ಏರಿ. ಆಮೇಲೆ, 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯ ವಿದ್ಯಾ ಸಂಶೋಧನಾಲಯ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು 1905ರಲ್ಲಿ ಗುರುತಿಸಿದ್ದು ಅಲ್ಲಿಯೇ; 1909ರಲ್ಲಿ ಅಚ್ಚಾಗಿ ಬಂದಾಗ ಪ್ರಪಂಚದ ವಿದ್ವಾಂಸರೆಲ್ಲ ಮೈಸೂರಿನ ಕಡೆ ತಿರುಗಿ ನೋಡಿದರು. ಇದನ್ನು ನಾನು ವ್ಯಾನಿನಲ್ಲಿ ಪ್ರಸ್ತಾಪಿಸಿದಾಗ ಪುಣೆಯ ಚಿಕ್ಕಮ್ಮ, ‘ಅಲ್ಲಿ ರೇಷ್ಮೆ ಸೀರೆ ಸಿಗುತ್ತದೆಯೇ?’ ಎಂದು ಕೇಳಿದರು. ವ್ಯಾನು ದೇವರಾಜ ಮಾರುಕಟ್ಟೆಯ ಕಡೆ ತಿರುಗಿತು. ಮಲ್ಲಿಗೆ, ಚಿಗುರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಅರಿಸಿನ ಕುಂಕುಮಗಳ ಗೋಪುರ—ಮದುವೆಯ ಮನೆಯಲ್ಲಿ ಕಂಟ್ರಾಕ್ಟುದಾರ ಇಳಿಸಿದ್ದ ವಸ್ತುಗಳನ್ನೇ ಅಲ್ಲಿ ಮತ್ತೊಮ್ಮೆ ನೋಡಿ, ಮತ್ತೊಮ್ಮೆ ಕೊಂಡು, ಹೆಂಗಸರು ಅತ್ಯಂತ ತೃಪ್ತಿಯಿಂದ ಮರಳಿದರು. ಮೈಸೂರುಪಾಕಿನ ವಿಷಯ ನಾನು ಹೇಳುವುದಿಲ್ಲ. ಆ ಸಾಲಿನಲ್ಲಿ ನಿಂತ ಹೊತ್ತನ್ನು ಲೆಕ್ಕ ಹಾಕಿದರೆ ಇನ್ನೊಂದು ಊರನ್ನೇ ತೋರಿಸಬಹುದಾಗಿತ್ತು.

ಭಾನುವಾರ ಬೆಳಗ್ಗೆ ಮನೆಯಲ್ಲಿ ದೇವರ ಕಾರ್ಯ. ನಮ್ಮನ್ನು ಸೋಮನಾಥಪುರಕ್ಕೆ ಗಡೀಪಾರು ಮಾಡಿದರು. ಬನ್ನೂರಿನ ದಾರಿಯಾಗಿ 35 ಕಿಲೋಮೀಟರು. ವ್ಯಾನಿನಲ್ಲಿ ಕೂರಿಸುವುದೂ ಒಂದು ಶಾಸ್ತ್ರ. ಮಾತು ಬಿಟ್ಟ ಭಾವಂದಿರನ್ನು ಹಿಂದುಮುಂದಾಗಿ ಕೂರಿಸಬೇಕು, ಅಕ್ಕಪಕ್ಕ ಸಲ್ಲದು. ವಾಂತಿ ಮಾಡುವ ಮಗುವಿಗೆ ಕಿಟಕಿ. ಮದುವೆ ನಿಶ್ಚಯವಾಗಬೇಕಾದ ಹುಡುಗ ಹುಡುಗಿ ಇದ್ದರೆ ಯಾರ ಪಕ್ಕಕ್ಕೆ ಯಾರೆಂಬುದು ಮಾರ್ಗದರ್ಶಕನ ವಿವೇಚನೆಗೆ ಬಿಟ್ಟದ್ದು. ಪುಳಿಯೋಗರೆ ಮೊಸರನ್ನದ ಪಾತ್ರೆಗಳು ಡ್ರೈವರಿನ ಹಿಂದೆ. ಅವನ್ನು ಹಿಂದಿನ ಸೀಟಿನಲ್ಲಿಟ್ಟರೆ ಬನ್ನೂರು ಬರುವುದಕ್ಕೆ ಮೊದಲೇ ಮುಗಿದಿರುತ್ತವೆ.

ಸೋಮನಾಥಪುರ ನೋಡಿದವರಿಗೆ ಮೊದಲು ಆಗುವುದು ನಿರಾಶೆ. ಗೋಪುರ ಆಕಾಶಕ್ಕೇರಿಲ್ಲ, ಗುಡಿ ಎತ್ತರವಿಲ್ಲ. ಹತ್ತಿರ ಹೋಗಬೇಕು. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಈ ಗುಡಿಯಲ್ಲಿ ಕಣ್ಣಿಗೆ ಎದುರಾಗಿ ನಿಲ್ಲುವುದು ಗೋಡೆ. ಕೆಳಗಿನಿಂದ ಆನೆ, ಕುದುರೆ, ಬಳ್ಳಿ, ಪುರಾಣ ಕಥೆಗಳ ಪಟ್ಟಿಗಳು. ಅದರ ಮೇಲೆ ದೇವತೆಗಳ ಸಾಲು. ನಕ್ಷತ್ರದ ಕೋನಗಳಂತೆ ಗೋಡೆ ಒಳಗೆ ಹೊರಗೆ ಮಡಿಸಿಕೊಂಡಿರುವುದರಿಂದ ಬಿಸಿಲು ಸರಿದಂತೆ ಒಂದು ವಿಗ್ರಹ ನೆರಳಿಗೆ ಹೋಗಿ ಇನ್ನೊಂದು ಬೆಳಕಿಗೆ ಬರುತ್ತದೆ. ಒಂದೂವರೆ ಗಂಟೆ ಅಲ್ಲಿಯೇ ಸುತ್ತಿದರೆ ಅದು ಎರಡು ಬೇರೆ ಗುಡಿಗಳನ್ನು ನೋಡಿದ ಹಾಗೆ. ಆದ್ದರಿಂದ ಅವಸರವಿರುವವರನ್ನು ಇಲ್ಲಿಗೆ ಕರೆತರಬಾರದು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಇದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಂದಿನಿಂದ ನಮ್ಮ ನೆಂಟರಲ್ಲಿ ಸೋಮನಾಥಪುರವನ್ನು ಕೇಳಿ ಬರುವವರು ಹೆಚ್ಚಾಗಿದ್ದಾರೆ. ಗುಡಿ ಮೊದಲಿನಷ್ಟೇ ಚೆನ್ನಾಗಿದೆ.

ಕನ್ನಡ ಮೇಷ್ಟರಿಗೆ ಇಲ್ಲಿ ಹೆಮ್ಮೆಯ ವಿಷಯ ಇನ್ನೊಂದಿದೆ. ಕೆತ್ತಿದವರು ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರು ಬರೆದಿದ್ದಾರೆ. ಮಲ್ಲಿತಮ್ಮ ಎಂಬವನ ಹೆಸರು ಮತ್ತೆ ಮತ್ತೆ ಬರುತ್ತದೆ. ಅಮೆರಿಕದ ಹುಡುಗನಿಗೆ ಹಳಗನ್ನಡದ ಅಕ್ಷರ ಹೋಗಲಿ, ಹೊಸಗನ್ನಡದ್ದೂ ಪೂರ್ತಿ ಬಾರದು. ಅವನಿಗೆ ‘ಮ’ ಮತ್ತು ‘ಲ್ಲಿ’ ತೋರಿಸಿದೆ. ಅವನು ಒಂದು ಗಂಟೆ ಕಾಲ ಗೋಡೆಯ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಮಲ್ಲಿತಮ್ಮನನ್ನು ಹುಡುಕಿದ. ಐದು ಕಡೆ ಸಿಕ್ಕಿದ ಎಂದ. ನಾನು ಹೋಗಿ ನೋಡಿದಾಗ ಮೂರು ನಿಜವಾಗಿತ್ತು, ಒಂದು ಬಿರುಕು, ಇನ್ನೊಂದು ನನಗೂ ಓದಲಾಗಲಿಲ್ಲ.

ಶಿವಮೊಗ್ಗದ ದೊಡ್ಡ ಭಾವನವರು ಹಣ್ಣು ಕಾಯಿ ತಂದಿದ್ದರು. ಇಲ್ಲಿ ಪೂಜೆಯಿಲ್ಲ, ಮೂರು ಗರ್ಭಗುಡಿಗಳಲ್ಲಿ ನಡುವಿನದರ ಮೂಲ ಕೇಶವ ಎಂದೋ ಕಾಣೆಯಾಗಿದ್ದಾನೆ. ವೇಣುಗೋಪಾಲನೂ ಜನಾರ್ದನನೂ ಇದ್ದಾರೆ, ಅವರಿಗೂ ದೀಪವಿಲ್ಲ. ‘ದೀಪವಿಲ್ಲದ ಗುಡಿಗೆ ಇಷ್ಟು ದೂರ ಕರೆತಂದೆಯಲ್ಲಯ್ಯ’ ಎಂದು ಭಾವನವರು ಬೇಸರಪಟ್ಟುಕೊಂಡರು. ಅತ್ತೆ ಕೈಸಾಲೆಯ ಕಂಬಕ್ಕೆ ಒರಗಿ ಕುಳಿತವರು, ‘ಇರಲಿ ಬಿಡಿ. ಇಲ್ಲದವರ ಮನೆಗೂ ಒಂದು ಸಲ ಹೋಗಿ ಬರಬೇಕು’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಹೊಳೆ ಎಲ್ಲಿ ಬರುತ್ತದೆ ಇಲ್ಲಿ?’ ಎಂದು ಕೇಳಿದರು. ಕಾವೇರಿ ದೂರವೇನಿಲ್ಲ, ಬನ್ನೂರಿನ ಕಡೆ ಹರಿಯುತ್ತಾಳೆ ಎಂದೆ. ‘ಅಲ್ಲಿ ಪಶ್ಚಿಮಕ್ಕೆ ತಿರುಗುವುದಿಲ್ಲ ಅಲ್ಲವೇ?’ ಎಂದರು. ಇಲ್ಲವೆಂದೆ. ಮಾತು ಅಲ್ಲಿಗೆ ನಿಂತಿತು. ಮಕ್ಕಳು ಪುಳಿಯೋಗರೆಯ ಪಾತ್ರೆ ಕಂಡುಹಿಡಿದುಬಿಟ್ಟಿದ್ದರು.

ಸೋಮವಾರ ಮುಹೂರ್ತ. ಗಟ್ಟಿಮೇಳದ ಹೊತ್ತಿನಲ್ಲಿ ನಾನು ಛತ್ರದ ಹೊರಗೆ ಮಾರನೆಯ ದಿನದ ವ್ಯಾನಿನವನೊಡನೆ ಬಾಡಿಗೆ ಮಾತಾಡುತ್ತಿದ್ದೆ.

ಮಂಗಳವಾರ ಶ್ರೀರಂಗಪಟ್ಟಣ. ರಾತ್ರಿ ಬೀಗರ ಔತಣ, ಹಗಲೆಲ್ಲ ಖಾಲಿ. ಮೃಗಾಲಯಕ್ಕೆ ಅಂದೇ ರಜವಾದ್ದರಿಂದ ಮಕ್ಕಳ ಮುಖ ಸಣ್ಣಗಾಗಿತ್ತು; ರಂಗನತಿಟ್ಟಿನಲ್ಲಿ ಮೊಸಳೆ ತೋರಿಸುವೆನೆಂದು ಸಮಾಧಾನ ಮಾಡಿದೆ. ಈ ಸಲ ಬೀಗರ ಕಡೆಯವರೂ ವ್ಯಾನಿಗೆ ಬಂದರು. ಅವರಲ್ಲಿ ಮುಖ್ಯರು ವರನ ದೊಡ್ಡಮ್ಮ: ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಧಾರವಾಡದ ಗಟ್ಟಿ ಧ್ವನಿ. ಹೆಣ್ಣಿನ ಮನೆಯವರೆಲ್ಲ ಅವರ ಮುಖ ನೋಡಿಕೊಂಡೇ ಉಸಿರಾಡುತ್ತಿದ್ದ ಕಾಲ ಅದು. ಹೊರಡುವಾಗ ಅತ್ತಿಗೆ ನನ್ನ ಕಿವಿಯಲ್ಲಿ, ‘ಅವರ ಮಾತಿಗೆ ಎದುರಾಡಬೇಡ’ ಎಂದು ಹೇಳಿಯೇ ಕಳಿಸಿದ್ದರು.

ರಂಗನಾಥನ ದರ್ಶನವಾಯಿತು. ದರಿಯಾ ದೌಲತ್ ಆಯಿತು. 1784ರ ಆ ಮರದ ಮಹಲಿನ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆಯಲ್ಲ, ಅದರ ಮುಂದೆ ನಾನು ಯಾವಾಗಲೂ ಹತ್ತು ನಿಮಿಷ ಹೆಚ್ಚಾಗಿ ನಿಲ್ಲುತ್ತೇನೆ. ಹೈದರನೂ ಟಿಪ್ಪುವೂ ನೆಟ್ಟಗೆ ಕುಳಿತು ಬರುತ್ತಿದ್ದಾರೆ; ಸೋತ ಇಂಗ್ಲಿಷ್ ದಳಪತಿ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಆ ಬೆರಳನ್ನು ಹುಡುಕುವುದು ಮಕ್ಕಳಿಗೊಂದು ಆಟ. ಅಲ್ಲಿಂದ ಹೊರಗೆ ಬಂದು ರಂಗನತಿಟ್ಟಿಗೆ ಎಂದು ಡ್ರೈವರಿಗೆ ಹೇಳುತ್ತಿದ್ದಾಗ, ಬಾಗಿಲ ಬಳಿಯ ಸೀಟಿನಿಂದ ಅತ್ತೆ ಕೇಳಿದರು:

‘ಪಶ್ಚಿಮವಾಹಿನಿ ಇಲ್ಲೇ ಅಲ್ಲವೇನಪ್ಪ?’

ವ್ಯಾನಿನಲ್ಲಿ ಮಾತು ನಿಂತಿತು. ಪಶ್ಚಿಮವಾಹಿನಿ ಎಂದರೆ ಏನೆಂದು ಹಳೆಯ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಕಾವೇರಿ ಅಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳೆ. ಸುತ್ತಿನ ಸೀಮೆಯವರೆಲ್ಲ ಅಸ್ಥಿ ಬಿಡುವ ಜಾಗ ಅದು. ಬೀಗರ ದೊಡ್ಡಮ್ಮನಿಗೆ ಯಾರೋ ಮೆಲ್ಲಗೆ ವಿವರಿಸಿದರು. ಆಕೆ ಮೆಲ್ಲಗೆ ಮಾತಾಡುವವರಲ್ಲ.

‘ಮದಿವಿ ಮನಿಯಿಂದ ಹೊಂಟು ಅಲ್ಲಿಗ್ಯಾಕ ಹೋಗೂದ್ರಿ? ಅರಿಸಿನ ಇನ್ನೂ ಆರಿಲ್ಲ ಮಕ್ಕಳ ಮೈಮ್ಯಾಲೆ. ಇವತ್ತ ಬ್ಯಾಡ.’

ಶಿವಮೊಗ್ಗದ ಭಾವನವರೂ, ‘ಇನ್ನೊಂದು ಸಲ ಬಂದಾಗ ನೋಡೋಣ’ ಎಂದರು. ಎಪ್ಪತ್ತೆಂಟು ವರ್ಷದವರಿಗೆ ‘ಇನ್ನೊಂದು ಸಲ’ ಎಂದು ಹೇಳುವುದು ಎಷ್ಟು ಸುಲಭ! ಅತ್ತೆ ಏನೂ ಹೇಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕಿಟಕಿಯ ಹೊರಗೆ ನೋಡಿದರು.

ನಮ್ಮ ಮಾವನವರು ಶ್ರೀರಂಗಪಟ್ಟಣದ ಸೀಮೆಯ ಒಂದು ಹಳ್ಳಿಯವರು. ಸಾಗರದಲ್ಲಿ ಸ್ಕೂಲ್ ಮೇಷ್ಟರಾಗಿದ್ದು ಅಲ್ಲಿಯೇ ಮನೆ ಮಾಡಿದರು. 1991ರ ಆಷಾಢದಲ್ಲಿ ಅಲ್ಲಿಯೇ ಹೋದರು. ಹುಟ್ಟಿದ ಊರಿನ ಹೊಳೆಗೆ ತನ್ನನ್ನು ಸೇರಿಸಬೇಕೆಂದು ಅವರ ಆಸೆ. ಗಂಡುಮಕ್ಕಳಿಬ್ಬರೂ ಮಡಕೆಯನ್ನು ಹಿಡಿದು ಬಸ್ಸಿನಲ್ಲಿ ಬಂದರು. ಮೈಸೂರಿನಿಂದ ನಮ್ಮ ತಂದೆ ಹೋಗಿ ಸೇರಿಕೊಂಡರು. ಆಗ ನನಗೆ ಹದಿಮೂರು. ಗಂಡುಹುಡುಗನೆಂದು ನನ್ನನ್ನೂ ಕರೆದುಕೊಂಡು ಹೋದರು. ಹೆಂಗಸರನ್ನು ಕರೆದುಕೊಂಡು ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವರು ಸಾಗರದ ಮನೆಯ ಬಾಗಿಲಲ್ಲಿ ನಿಂತರು. ಮಾವನವರನ್ನು ವರ್ಷಕ್ಕೊಮ್ಮೆ ಕಂಡಿದ್ದ ನಾನು ನೀರಿನವರೆಗೆ ಹೋದೆ.

‘ದೊಡ್ಡಮ್ಮ,’ ಎಂದೆ, ತರಗತಿಯ ಧ್ವನಿಯನ್ನು ತಂದುಕೊಂಡು. ‘ಪಶ್ಚಿಮವಾಹಿನಿ ಚಾರಿತ್ರಿಕ ಸ್ಥಳ. 1948ರ ಫೆಬ್ರವರಿಯಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮವನ್ನು ತಂದು ವಿಸರ್ಜಿಸಿದ ಜಾಗಗಳಲ್ಲಿ ಅದೂ ಒಂದು. ಶ್ರೀರಂಗಪಟ್ಟಣಕ್ಕೆ ಬಂದು ಅದನ್ನು ನೋಡದೆ ಹೋಗುವುದುಂಟೇ? ನಮ್ಮ ಪಟ್ಟಿಯಲ್ಲಿ ಇದ್ದೇ ಇದೆ.’

ಪಟ್ಟಿಯಲ್ಲಿ ಇರಲಿಲ್ಲ. ಆದರೆ ಪಟ್ಟಿ ನನ್ನ ಖಾತೆ. ಅದರಲ್ಲಿ ಏನಿರಬೇಕೆಂದು ಗೊತ್ತುಮಾಡುವ ಅಧಿಕಾರ ನನ್ನದು. ಗಾಂಧಿಯವರ ಹೆಸರು ಬಂದ ಮೇಲೆ ದೊಡ್ಡಮ್ಮ ಎದುರು ಹೇಳಲಿಲ್ಲ. ‘ನಾವಂತೂ ಇಳಿಯಂಗಿಲ್ಲ ನೋಡ್ರಿ’ ಎಂದು ಸೀಟಿನಲ್ಲಿ ಭದ್ರವಾಗಿ ಕುಳಿತರು. ಡ್ರೈವರು, ‘ಐದು ನಿಮಿಷದ ದಾರಿ ಸಾರ್’ ಎಂದು, ಯಾರೂ ಮನಸ್ಸು ಬದಲಾಯಿಸುವುದಕ್ಕೆ ಮುಂಚೆ ಗಾಡಿ ತಿರುಗಿಸಿಬಿಟ್ಟ.

ಪಶ್ಚಿಮವಾಹಿನಿಯಲ್ಲಿ ನೋಡುವಂಥದ್ದೇನೂ ಇಲ್ಲ. ಹಳೆಯ ಮಂಟಪಗಳು, ಸವೆದ ಮೆಟ್ಟಿಲುಗಳು, ಯಾರೋ ಬಿಟ್ಟುಹೋದ ಬಟ್ಟೆ, ಮಡಕೆಯ ಚೂರು. ಮಾಘದ ನೀರು ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಅತ್ತೆಯ ಕೈಹಿಡಿದು ಇಳಿಸಿದೆ. ಅವರು ಸುತ್ತ ನೋಡಿ, ‘ಯಾವ ಮೆಟ್ಟಿಲು?’ ಎಂದು ಕೇಳಿದರು.

ಬಲಗಡೆಯ ಮಂಟಪದ ಮುಂದಿನ ಮೆಟ್ಟಿಲುಗಳನ್ನು ತೋರಿಸಿದೆ. ಪುರೋಹಿತರು ಆ ಮಂಟಪದಲ್ಲಿ ಕುಳಿತಿದ್ದುದೂ, ಮಳೆ ಹನಿಯುತ್ತಿದ್ದುದೂ, ನನಗೆ ತುಂಬ ಹಸಿವಾ­ಗಿದ್ದುದೂ ನೆನಪಿನಲ್ಲಿತ್ತು. ಅತ್ತೆ ಒಂದೊಂದೇ ಮೆಟ್ಟಿಲಿಳಿದು, ಕೊನೆಯದರಲ್ಲಿ ಕುಳಿತು, ನೀರಿಗೆ ಕಾಲು ಬಿಟ್ಟರು.

‘ಆಗ ನೀರು ಎಷ್ಟಿತ್ತು?’

‘ಆಷಾಢ ಅಲ್ಲವೇ ಅತ್ತೆ. ಈ ಬಂಡೆಗಳೊಂದೂ ಕಾಣುತ್ತಿರಲಿಲ್ಲ. ಇಲ್ಲಿಯವರೆಗೂ ನೀರು. ಸೆಳೆತ ಜೋರಾಗಿತ್ತು; ನನ್ನನ್ನು ಇಳಿಯಬೇಡವೆಂದು ಅಪ್ಪ ಗದರಿಸಿಕೊಂಡರು.’

‘ಹಾಗಾದರೆ ಬೇಗ ಹೋಗಿರಬೇಕು’ ಎಂದರು ಅತ್ತೆ.

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಅವರಿಗೆ ಕಾಯುವುದೆಂದರೆ ಆಗುತ್ತಿರಲಿಲ್ಲ. ಬಸ್ಸು ಹತ್ತು ನಿಮಿಷ ತಡವಾದರೆ ನಡೆದೇ ಹೊರಟುಬಿಡುತ್ತಿದ್ದರು’ ಎಂದರು. ಮಕ್ಕಳನ್ನು ಎಷ್ಟೋ ಸಲ ಕೇಳಿದ್ದರಂತೆ, ಇಲ್ಲಿಗೊಮ್ಮೆ ಕರೆದುಕೊಂಡು ಹೋಗಿರೆಂದು. ‘ಅಲ್ಲೇನಿದೆಯಮ್ಮ ನೋಡುವುದಕ್ಕೆ?’ ಎನ್ನುತ್ತಿದ್ದರಂತೆ ಅವರು. ಅವರು ಹೇಳಿದ್ದೂ ಸುಳ್ಳಲ್ಲ. ಅತ್ತೆ ಅಳಲಿಲ್ಲ. ಬೊಗಸೆಯಲ್ಲಿ ನೀರು ತೆಗೆದುಕೊಂಡು ಬಿಟ್ಟರು. ಇನ್ನೊಮ್ಮೆ ತೆಗೆದುಕೊಂಡು ಅದು ಯಾವ ಕಡೆ ಹೋಗುತ್ತದೆಂದು ನೋಡಿದರು. ಮೇಲೆ ರಸ್ತೆಯಲ್ಲಿ ಮಕ್ಕಳು ಮೊಸಳೆ ಮೊಸಳೆ ಎಂದು ಕೂಗುತ್ತಿದ್ದರು. ‘ನಡಿ, ಪಾಪ ಅವು ಕಾಯುತ್ತಿವೆ’ ಎಂದು ಎದ್ದರು.

ನಾವು ವ್ಯಾನಿನ ಹತ್ತಿರ ಬಂದಾಗ ದೊಡ್ಡಮ್ಮ ಬಾಗಿಲ ಬಳಿಯ ಸೀಟಿಗೆ ಸರಿದು ಕುಳಿತಿದ್ದರು. ಅತ್ತೆಯ ಸೀಟು ಅದು. ಏನು ಹೇಳುವರೋ ಎಂದು ನನ್ನ ಎದೆ ಹೊಡೆದುಕೊಂಡಿತು. ಆಕೆ ಬಳೆ ತುಂಬಿದ ಕೈಯನ್ನು ಹೊರಗೆ ಚಾಚಿ, ‘ಕಾಲು ಹಸಿ ಅದಾವ, ಜಾರೀರಿ. ಹಿಡೀರಿ’ ಎಂದರು. ಹತ್ತಿಸಿಕೊಂಡು ತಮ್ಮ ಪಕ್ಕದಲ್ಲಿಯೇ ಕೂರಿಸಿಕೊಂಡರು. ‘ಮೂರ ಹನಿ ನೀರು ತಲಿಮ್ಯಾಲೆ ಹಾಕ್ಕೊಂಡ್ರಿಲ್ಲೋ?’ ಎಂದು ಕೇಳಿ, ಹಾಕಿಕೊಂಡೆನೆಂದ ಮೇಲೆ, ‘ಮುಗೀತಲ್ಲ ಮತ್ತ’ ಎಂದರು. ಅವರ ಯಜಮಾನರು ಹೋಗಿ ನಾಲ್ಕು ವರ್ಷವಾಯಿತೆಂದೂ, ಹಣೆಯ ಕುಂಕುಮ ತೆಗೆಯಲು ಅವರು ಒಪ್ಪಲಿಲ್ಲವೆಂದೂ ನಮ್ಮಣ್ಣ ಆಮೇಲೆ ಹೇಳಿದ.

ರಂಗನತಿಟ್ಟಿನಲ್ಲಿ ಅತ್ತೆ ದೋಣಿ ಹತ್ತಿದರು. ನಾಲ್ಕು ದಿನಗಳಲ್ಲಿ ಅವರು ತಾವಾಗಿ ನೋಡಲು ಹೊರಟ ಮೊದಲ ಪ್ರೇಕ್ಷಣೀಯ ಸ್ಥಳ ಅದು. ಸಲೀಂ ಅಲಿಯವರ ಮಾತಿನಂತೆ 1940ರಲ್ಲಿ ಪಕ್ಷಿಧಾಮವಾದ ನಡುಗಡ್ಡೆಗಳ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಒತ್ತೊತ್ತಾಗಿ ಮನೆ ಮಾಡಿದ್ದುವು. ಗದ್ದಲ ನಮ್ಮ ಛತ್ರದಷ್ಟೇ. ಮೊಸಳೆಯೊಂದು ಬಂಡೆಯ ಮೇಲೆ ಬಾಯಿ ತೆರೆದು ಮಲಗಿತ್ತು. ಅದು ಕಲ್ಲಿನದೆಂದು ಅಮೆರಿಕದ ಹುಡುಗ ವಾದಿಸುತ್ತಿದ್ದಂತೆಯೇ ನೀರಿಗಿಳಿಯಿತು. ಅತ್ತೆಯೂ ದೊಡ್ಡಮ್ಮನೂ ಒಂದೇ ಹಲಗೆಯ ಮೇಲೆ ಕುಳಿತು, ಅಷ್ಟು ದೊಡ್ಡ ಕೊಕ್ಕಿನಿಂದ ಅಷ್ಟು ಸಣ್ಣ ಮರಿಗೆ ಹೇಗೆ ಉಣಿಸುತ್ತದೆಂದು ಚರ್ಚಿಸುತ್ತಿದ್ದರು. ಅಂದು ರಾತ್ರಿ ಬೀಗರ ಔತಣಕ್ಕೆ ನಾವು ಮುಕ್ಕಾಲು ಗಂಟೆ ತಡ. ಅತ್ತಿಗೆ ಬಾಗಿಲಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದರು. ತಡಕ್ಕೆ ಕಾರಣವನ್ನು ದೊಡ್ಡಮ್ಮನೇ ಹೇಳಿದರು: ‘ಗಾಂಧೀಜಿಯವರ ಜಾಗಾ ನೋಡಾಕ ಹೋಗಿದ್ವಿ.’

ಈಗ ವರನ ತಮ್ಮನಿಗೆ ಮದುವೆ ಗೊತ್ತಾಗಿದೆ. ಧಾರವಾಡದಲ್ಲಿ, ಬರುವ ವೈಶಾಖದಲ್ಲಿ. ಹೋದ ವಾರ ದೊಡ್ಡಮ್ಮ ಫೋನು ಮಾಡಿ ಕಾರ್ಯಕ್ರಮವನ್ನೆಲ್ಲ ಓದಿ ಹೇಳಿದರು: ಒಂದು ದಿನ ಬೇಂದ್ರೆಯವರ ಸಾಧನಕೇರಿ, ನುಗ್ಗಿಕೇರಿ ಹಣಮಪ್ಪ, ಇನ್ನೊಂದು ದಿನ ಉಣಕಲ್ ಕೆರೆ, ಪೇಢೆಗೆ ಪ್ರತ್ಯೇಕ ಒಂದು ಬೆಳಗು. ‘ನಿಮ್ಮ ಅತ್ತಿಯವರನ್ನ ಬಿಟ್ಟ ಬಂದ್ರ ನಾನು ಮಾತಾಡಂಗಿಲ್ಲ’ ಎಂದು ತಾಕೀತು ಮಾಡಿದರು. ಸಾಗರಕ್ಕೆ ಫೋನು ಮಾಡಿ ಅತ್ತೆಯನ್ನು ಕೇಳಿದೆ. ಮಂಡಿ ನೋವು ಹೆಚ್ಚಾಗಿದೆಯಂತೆ.

‘ಬರುತ್ತೇನೆ’ ಎಂದರು. ‘ಈ ಸಲ ಅರಮನೆ ಗಿರಮನೆ ಏನಿದ್ದರೂ ಒಳಗೆ ಹೋಗಿ ನೋಡುತ್ತೇನೆ.’

‘ಧಾರವಾಡದಲ್ಲಿ ಅರಮನೆ ಇಲ್ಲ ಅತ್ತೆ.’

‘ಇಲ್ಲದಿದ್ದರೆ ಇರುವುದನ್ನು ತೋರಿಸಲಿ’ ಎಂದರು.